ಒಂದೇ ಮಾಡಿನಲ್ಲಿ ಎರಡು ಹೆಸರಿನ ಹಂಚು: ಯುದ್ಧ ನಮ್ಮೂರಿಗೆ ಹೇಗೆಲ್ಲ ಬಂತು?

ಕಟಪಾಡಿ ಹಳೆಮನೆ

ಅಜ್ಜನ ಮನೆಯ ಮಾಡು ಇಳಿಸುತ್ತಾ ಇದ್ದೇವೆ. ಪಕ್ಕಾಸು, ರೀಪು ಎಲ್ಲ ಗೆದ್ದಲಿಗೆ ಹೋಗಿದೆ. ಹಂಚು ಮಾತ್ರ ಗಟ್ಟಿ ಉಂಟು, ಬೆರಳಿನಲ್ಲಿ ಬಡಿದರೆ ಟಣ್ ಅನ್ನುತ್ತದೆ. ನಿನ್ನೆ ಮೇಲಿನಿಂದ ಹಂಚು ಇಳಿಸಿ ಕೊಡುತ್ತಿದ್ದ ಹುಡುಗ "ಅಣ್ಣಾ, ಇದೆಂತ ಎರಡು ಕಂಪನಿಯದ್ದು?" ಅಂದ. ತಿರುಗಿಸಿ ನೋಡಿದೆ. ಚಾವಡಿ ಮೇಲಿದ್ದ ಹಂಚಿನ ಬೆನ್ನಿಗೆ ಬಾಸೆಲ್ ಮಿಷನ್ ಅಂತ ಅಚ್ಚು. ಅಡುಗೆಕೋಣೆ ಮೇಲಿದ್ದಕ್ಕೆ ಕಾಮನ್‌ವೆಲ್ತ್. ಆದರೆ ಒಂದರ ಕೊಂಡಿಗೆ ಇನ್ನೊಂದು ಸರಿಯಾಗಿ ಕೂರುತ್ತದೆ!

ಅಪ್ಪನನ್ನು ಕೇಳಿದೆ. "ನಡುವೆ ಜರ್ಮನ್ ಯುದ್ಧ ಆಯ್ತಲ್ಲ, ಅದಕ್ಕೆ" ಅಂತ ಹೇಳಿ ಪೇಪರ್ ಓದಲು ಕೂತರು. ನಮ್ಮ ಕಟಪಾಡಿಗೆ ಯಾವ ಸೈನ್ಯ ಬಂದಿತ್ತು ಮಾರಾಯ್ರೆ? ಗೊತ್ತಿದ್ದವರು ಹೇಳಿ. ನಿಮ್ಮ ಮನೆಯಲ್ಲೂ ಇಂಥದ್ದು ಏನಾದರೂ ಉಂಟಾ?

ಜೆಪ್ಪು ಮೊಮ್ಮಗ

ನಿಮ್ಮ ತಂದೆ ಹೇಳಿದ್ದು ಸರಿ. ನನ್ನ ಮುತ್ತಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲೇ ಮಣ್ಣು ತುಳಿದವರು, ಹಾಗಾಗಿ ಈ ಕತೆ ನಮ್ಮ ಮನೆಯದ್ದೇ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಪಾದ್ರಿಗಳ ಸಂಸ್ಥೆ ಮಂಗಳೂರಿಗೆ ಬಂದದ್ದು 1834ರಲ್ಲಿ. ಜಾತಿ ಬಿಟ್ಟು ಕ್ರೈಸ್ತರಾದವರಿಗೆ ಊರಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ. ಅವರಿಗೆ ಹೊಟ್ಟೆಪಾಡು ಬೇಕಲ್ಲ? ಅದಕ್ಕೆ ನೇಯ್ಗೆ, ಅಚ್ಚುಕೂಟ, ಆಮೇಲೆ ಹಂಚು. ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಜೇಡಿಮಣ್ಣು ಹತ್ತಿರವೇ, ದೋಣಿಯಲ್ಲಿ ಸಾಗಿಸಲೂ ಸುಲಭ.

ಮಿಷನ್ ಸ್ವಿಟ್ಜರ್ಲೆಂಡಿನದ್ದು. ಆದರೆ ಇಲ್ಲಿದ್ದ ಪಾದ್ರಿಗಳು ಹೆಚ್ಚಿನವರು ಜರ್ಮನ್ನರು. 1914ರಲ್ಲಿ ಯುದ್ಧ ಸುರುವಾಯಿತು. ಅಲ್ಲಿಯವರೆಗೆ ಶಾಲೆ ನಡೆಸಿ, ಪುಸ್ತಕ ಅಚ್ಚು ಹಾಕಿ, ನಮ್ಮವರ ಮದುವೆ ಮಾಡಿಸಿಕೊಂಡಿದ್ದವರು ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳು. ಜರ್ಮನ್ನರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು. ಕಾರ್ಖಾನೆ ಬ್ರಿಟಿಷ್ ಸರಕಾರದ ಕೈಗೆ ಹೋಯಿತು. 1919ರಲ್ಲಿ ಎಲ್ಲವನ್ನೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಬ್ರಿಟಿಷ್ ಕಂಪನಿಗೆ ಕೊಟ್ಟರು. ಮಣ್ಣು ಅದೇ, ಕೆಲಸದವರು ಅವರೇ. ಅಚ್ಚಿನ ಹೆಸರು ಮಾತ್ರ ಬೇರೆ.

ಕಿಟೆಲರ ಕನ್ನಡ ನಿಘಂಟು ಅಚ್ಚಾದದ್ದು ಇದೇ ಮಿಷನ್ನಿನ ಬಲ್ಮಠದ ಅಚ್ಚುಕೂಟದಲ್ಲಿ, 1894ರಲ್ಲಿ. ಕಿಟೆಲರೂ ಜರ್ಮನ್. ಅವರು 1903ರಲ್ಲೇ ತೀರಿಕೊಂಡರು. ಇಲ್ಲೇ ಬದುಕಿದ್ದಿದ್ದರೆ ಅವರನ್ನೂ ಪೊಲೀಸರು ಕರೆದುಕೊಂಡು ಹೋಗುತ್ತಿದ್ದರಾ ಅಂತ ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಬಲ್ಮಠ ಬಾಲಣ್ಣ

ಹಂಚು ಬಿಡಿ, ಖಾಕಿ ಬಟ್ಟೆ ಹುಟ್ಟಿದ್ದೇ ನಮ್ಮ ಬಲ್ಮಠದಲ್ಲಿ! ಪ್ರಪಂಚದ ಎಲ್ಲ ಸೈನ್ಯಕ್ಕೂ ಬಣ್ಣ ಕೊಟ್ಟದ್ದು ಮಂಗಳೂರು. ಇದನ್ನು ಯಾರೂ ಹೇಳುವುದಿಲ್ಲ.

ಪಡುಬಿದ್ರಿ ಮಾಷ್ಟ್ರು

ಬಾಲಣ್ಣ, ಎಲ್ಲರೂ ಹೇಳುತ್ತಾರೆ, ಅದೇ ತೊಂದರೆ. ಸ್ವಲ್ಪ ತಿದ್ದುತ್ತೇನೆ, ಬೇಜಾರು ಮಾಡಬೇಡಿ.

ಹಾಲರ್ ಎಂಬ ಮಿಷನ್ನಿನ ನೇಕಾರರು 1850ರ ದಶಕದ ಆರಂಭದಲ್ಲಿ ಇಲ್ಲಿ ಹೊಸ ಮಗ್ಗ ಹಾಕಿ ಖಾಕಿ ಬಣ್ಣದ ಗಟ್ಟಿ ಬಟ್ಟೆ ಮಾಡಿದ್ದು ಹೌದು. ಆದರೆ ಪೇಶಾವರದ ಕಡೆ ಲಮ್ಸ್‌ಡೆನ್ ಎಂಬ ಅಧಿಕಾರಿ ತನ್ನ ಗೈಡ್ಸ್ ದಳಕ್ಕೆ 1840ರ ದಶಕದ ಕೊನೆಯಲ್ಲೇ ಮಣ್ಣಿನ ಬಣ್ಣದ ಬಟ್ಟೆ ಹಾಕಿಸಿದ್ದ. ಹೆಸರೂ ಅಲ್ಲಿಯದ್ದೇ. ಖಾಕ್ ಅಂದರೆ ಧೂಳು. ಮಂಗಳೂರಿಗೆ ಪಾಲು ಉಂಟು, ಪೂರ್ತಿ ಪೇಟೆಂಟ್ ಇಲ್ಲ.

ನನಗೆ ಇದರಲ್ಲಿ ಕುತೂಹಲ ಬೇರೆ. ಸೈನಿಕ ಕೆಂಪು ಕೋಟು ಬಿಟ್ಟು ಮಣ್ಣಿನ ಬಣ್ಣಕ್ಕೆ ಯಾಕೆ ಬಂದ? ಹಿಂದೆ ಕೋವಿ ಹೊಡೆದರೆ ಕಣ್ಣು ಮುಚ್ಚುವಷ್ಟು ಹೊಗೆ. ಆ ಹೊಗೆಯಲ್ಲಿ ತಮ್ಮವರು ಯಾರು ಅಂತ ಗೊತ್ತಾಗಲು ಕೆಂಪು ಬೇಕಿತ್ತು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು. ಗುಂಡು ದೂರ ಹೋಗತೊಡಗಿತು. ಆಗ ಕೆಂಪು ಕೋಟು ಅಂದರೆ ನಡೆದಾಡುವ ಗುರಿಹಲಗೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ ಬ್ರಿಟಿಷರು ಪೂರ್ತಿ ಖಾಕಿ. ಫ್ರೆಂಚರು ಮಾತ್ರ 1914ರಲ್ಲೂ ಕೆಂಪು ಪ್ಯಾಂಟಿನಲ್ಲೇ ಯುದ್ಧಕ್ಕೆ ಹೋದರು. ಬೇಕಾದಷ್ಟು ಜನ ಸತ್ತ ಮೇಲೆ ಬದಲಾಯಿಸಿದರು.

ಬಲ್ಮಠ ಬಾಲಣ್ಣ

ಪೂರ್ತಿ ಪೇಟೆಂಟ್ ಬೇಡ ಮಾಷ್ಟ್ರೇ, ಅರ್ಧ ಕೊಡಿ ಸಾಕು. 😄

ಅಜ್ಜಿ ಹೇಳಿದ್ದು

ನಮ್ಮ ಅಜ್ಜಿಗೆ ಯುದ್ಧ ಅಂದರೆ ಎರಡೇ. ಇದ್ದಿಲಿನ ಬಸ್ಸು ಮತ್ತು ಚಿಮಿಣಿ ಎಣ್ಣೆ ಇಲ್ಲದ ರಾತ್ರಿ. ಅದು ಎರಡನೆಯ ಯುದ್ಧ.

ಪೆಟ್ರೋಲಿಗೆ ಪಡಿತರ ಬಂದ ಮೇಲೆ ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ ಕಟ್ಟಿದರು. ಅದರಲ್ಲಿ ಇದ್ದಿಲು, ನಮ್ಮ ಕಡೆ ಮಸಿ ಅನ್ನುತ್ತೇವಲ್ಲ, ಅದು. ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಕ್ಲೀನರ್ ಹುಡುಗ ಹಿಡಿ ತಿರುಗಿಸಿ ಗಾಳಿ ಹಾಕಬೇಕು. ತಿರುಗಿಸಿದ್ದೇ ತಿರುಗಿಸಿದ್ದು. ಗಾಳಿ ಪೂರ್ತಿ ಸಿಗದೆ ಇದ್ದಿಲು ಅರೆಬರೆ ಉರಿದಾಗ ಒಂದು ಗ್ಯಾಸು ಬರುತ್ತದೆ, ಅದರಿಂದ ಇಂಜಿನು ಓಡುವುದು. ವಿಷದ ಗ್ಯಾಸು ಅದು, ಇಂಗಾಲದ ಮೊನಾಕ್ಸೈಡ್. ಪೆಟ್ರೋಲಿನಷ್ಟು ಎಳೆಯುವ ಶಕ್ತಿ ಅದಕ್ಕಿಲ್ಲ. ಕಾರ್ಕಳದ ಕಡೆ ಏರು ಬಂದರೆ ಕಂಡಕ್ಟರ್ "ಗಂಡಸರೆಲ್ಲ ಇಳಿಯಿರಿ" ಅಂತ ಕೂಗುತ್ತಿದ್ದನಂತೆ. ಅಜ್ಜಿ ಮದುವೆಯಾಗಿ ಗಂಡನ ಮನೆಗೆ ಬಂದದ್ದು ಅದೇ ಬಸ್ಸಿನಲ್ಲಿ. ಅಜ್ಜ ಹೊಸ ಪಂಚೆ ಮೇಲೆ ಕಟ್ಟಿ ಬಸ್ಸು ನೂಕಿದರು. ಪಂಚೆಗೆ ಹಿಡಿದ ಮಸಿ ಹೋಗಲೇ ಇಲ್ಲ, ಎಪ್ಪತ್ತು ವರ್ಷ ಅದನ್ನೇ ಹೇಳಿ ನಗುತ್ತಿದ್ದರು.

ಅನ್ನದ ಕತೆಗೆ ಮಾತ್ರ ನಗುತ್ತಿರಲಿಲ್ಲ. ಲೆವಿ ಅಂತ ಸರಕಾರದವರು ಭತ್ತ ಎತ್ತಿಕೊಂಡು ಹೋಗುತ್ತಾರೆ ಅಂತ ಒಂದು ಅಕ್ಕಿಮುಡಿಯನ್ನು ಹಟ್ಟಿಯ ಬೈಹುಲ್ಲಿನ ಒಳಗೆ ಅಡಗಿಸಿದ್ದರಂತೆ. ಮಳೆಗಾಲದಲ್ಲಿ ಗಂಜಿಗೆ ಅಕ್ಕಿ ಕಡಿಮೆ ಹಾಕಿ ಸಾಂತಾಣಿ, ಅಂದರೆ ಬೇಯಿಸಿ ಒಣಗಿಸಿದ ಹಲಸಿನ ಬೀಜ, ತಿಂದು ಹೊಟ್ಟೆ ತುಂಬಿಸಿದ್ದು. ಬಟ್ಟೆಗೂ ಕಂಟ್ರೋಲು. ಕಾಸಿಗೂ ತೂತು! 1943ರ ಆ ತೂತಿನ ಕಾಸು ನನ್ನ ಹತ್ತಿರ ಈಗಲೂ ಉಂಟು. ತಾಮ್ರ ಉಳಿಸಲು ನಡುವೆ ತೂತು ಮಾಡಿದ್ದು. ಮಕ್ಕಳ ಸೊಂಟದ ನೂಲಿಗೆ ಕಟ್ಟಲು ಒಳ್ಳೆಯದಾಯಿತು ಅನ್ನುತ್ತಿದ್ದರು.

ಪಡುಬಿದ್ರಿ ಮಾಷ್ಟ್ರು

ಅಕ್ಕಾ, ನಿಮ್ಮ ಅಜ್ಜಿಯ ಗಂಜಿಗೂ ರಂಗೂನಿಗೂ ನೇರ ಸಂಬಂಧ ಉಂಟು. 1942ರ ಮಾರ್ಚಿನಲ್ಲಿ ಜಪಾನಿನವರು ರಂಗೂನು ಹಿಡಿದರು. ಬರ್ಮಾದ ಅಕ್ಕಿಯೂ ನಿಂತಿತು, ಎಣ್ಣೆಯೂ ನಿಂತಿತು. ಅದರ ಮುಂದಿನ ವರ್ಷ ಬಂಗಾಳದ ಬರ. ಅಲ್ಲಿ ಸತ್ತವರು 20ರಿಂದ 30 ಲಕ್ಷ ಅಂತ ಅಂದಾಜು. ಅದಕ್ಕೆ ಹೋಲಿಸಿದರೆ ಸಾಂತಾಣಿ ತಿಂದ ನಾವು ಪುಣ್ಯವಂತರು.

ಬೆಲೆ ಏರಿದ್ದಕ್ಕೆ ಇನ್ನೊಂದು ಕಾರಣ. ಬ್ರಿಟಿಷರು ಯುದ್ಧಕ್ಕೆ ಬೇಕಾದ ಬಟ್ಟೆ, ಆಹಾರ, ಉಕ್ಕು, ಮರ ಎಲ್ಲ ಇಲ್ಲಿ ಕೊಂಡರು. ದುಡ್ಡು? ಲಂಡನ್ನಿನಲ್ಲಿ ಭಾರತದ ಹೆಸರಿಗೆ ಪೌಂಡ್ ಬರೆದಿಟ್ಟರು, ಯುದ್ಧ ಮುಗಿದ ಮೇಲೆ ಕೊಡುತ್ತೇವೆ ಅಂತ. ಆ ಲೆಕ್ಕದ ಬಲದಲ್ಲಿ ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಅಚ್ಚು ಹಾಕಿತು. ಪೇಟೆಯಲ್ಲಿ ನೋಟು ಜಾಸ್ತಿ, ಸಾಮಾನು ಕಡಿಮೆ. ಕಡೆಗೆ ನೋಡಿದರೆ ಬ್ರಿಟನ್ನೇ ಭಾರತಕ್ಕೆ ಸಾಲಗಾರ, ಸುಮಾರು 130 ಕೋಟಿ ಪೌಂಡ್. ಇನ್ನೂರು ವರ್ಷ ಇಲ್ಲಿಂದ ಎತ್ತಿಕೊಂಡು ಹೋದವನು ಆರೇ ವರ್ಷದಲ್ಲಿ ನಮ್ಮ ಹತ್ತಿರ ಕೈಸಾಲ ಮಾಡಿದ ಹಾಗೆ. ಅಮೆರಿಕದಿಂದ 1946ರಲ್ಲಿ ಬೇರೆ ಸಾಲ ಎತ್ತಿದ. ಅದು ತೀರಿದ್ದು 2006ರಲ್ಲಿ! ಸಾಮ್ರಾಜ್ಯ ಬಿಟ್ಟು ಹೋಗಲು ಸತ್ಯಾಗ್ರಹ ಮುಖ್ಯ ಕಾರಣವೇ, ಆದರೆ ಪೆಟ್ಟಿಗೆ ಖಾಲಿಯಾದದ್ದೂ ಸಣ್ಣ ಕಾರಣ ಅಲ್ಲ.

ಮಣ್ಣಗುಡ್ಡೆ ಮಂಜ

ಅಂದರೆ ಬ್ರಿಟಿಷರಿಗೆ ಸಾಲ ಕೊಟ್ಟದ್ದು ಅವರ ಅಜ್ಜಿ. ಬಡ್ಡಿ ಕೇಳಿ ಅಕ್ಕಾ.

ಮಾಟುಂಗ ಟು ಮೂಲ್ಕಿ

ನಮ್ಮವರು ಅರ್ಧಕ್ಕರ್ಧ ಇದ್ದದ್ದು ಬೊಂಬಾಯಿಯಲ್ಲಿ, ಆ ಕತೆ ಯಾರೂ ಎತ್ತಲಿಲ್ಲ.

1944ರ ಏಪ್ರಿಲ್ 14. ನನ್ನ ದೊಡ್ಡಜ್ಜ ಆಗ ಹದಿಮೂರರ ಹುಡುಗ, ಮಸ್ಜಿದ್ ಬಂದರಿನ ಹತ್ತಿರ ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ. ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರಲ್ಲಿ ಸಾವಿರಕ್ಕೂ ಹೆಚ್ಚು ಟನ್ ಸಿಡಿಮದ್ದು. ಅದೇ ಹಡಗಿಗೆ ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಯುದ್ಧಕಾಲ ನೋಡಿ, ಜಾಗ ಖಾಲಿ ಬಿಡುವಂತಿಲ್ಲ. ಹತ್ತಿಗೆ ಬೆಂಕಿ ಹಿಡಿಯಿತು. ಸಂಜೆ ನಾಲ್ಕು ದಾಟುವಾಗ ಮೊದಲ ಸ್ಫೋಟ, ಅರ್ಧ ಗಂಟೆಯಲ್ಲಿ ಇನ್ನೊಂದು. ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು, ಅವು ಊರೊಳಗೆ ಹಾರಿ ಬಿದ್ದವು. ಉರಿಯುವ ಹತ್ತಿಯೂ ಬಿತ್ತು.

ದೊಡ್ಡಜ್ಜ ಗ್ಲಾಸು ಹಿಡಿದು ನಿಂತವರು ಗೋಡೆಗೆ ಹೋಗಿ ಬಿದ್ದರಂತೆ. ಎಡಕಿವಿ ಅವತ್ತೇ ಹೋಯಿತು. ಜಪಾನಿನವರು ಬಾಂಬು ಹಾಕಿದರು ಅಂತಲೇ ಎಲ್ಲರೂ ಓಡಿದ್ದು. ನೂರಾರು ಜನ ಸತ್ತರು. 800 ಅನ್ನುವವರೂ ಇದ್ದಾರೆ, 1,300 ಅನ್ನುವವರೂ ಇದ್ದಾರೆ. ಸೆನ್ಸಾರ್ ಇದ್ದದ್ದರಿಂದ ವಿವರ ಪತ್ರಿಕೆಯಲ್ಲಿ ಬರಲು ವಾರಗಟ್ಟಲೆ ಬೇಕಾಯಿತು. ಊರಿಗೆ ಸುದ್ದಿ ಬಂದದ್ದು ಹೆದರಿ ವಾಪಸು ಬಂದವರ ಬಾಯಿಯಿಂದ. ಮೂಲ್ಕಿಯಲ್ಲಿ ಅವರ ತಾಯಿ ಮಗ ಸತ್ತ ಅಂತಲೇ ತಿಳಿದು ಹನ್ನೊಂದನೆಯ ದಿನಕ್ಕೆ ತಯಾರಿ ಮಾಡಿದ್ದರು. ಹುಡುಗ ಎರಡು ವಾರ ಬಿಟ್ಟು ಮನೆಗೆ ಬಂದ.

ಈಗ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಮಾಡುತ್ತಾರಲ್ಲ, ಅದು ಅವತ್ತು ಸತ್ತ ಬೆಂಕಿ ಆರಿಸುವವರ ನೆನಪಿಗೆ.

ತುಳುನಾಡ ಹುಲಿ 77

ಇಷ್ಟೆಲ್ಲ ಬರೆದಿರಿ, ಟಿಪ್ಪು ಬಗ್ಗೆ ಒಂದು ಮಾತಿಲ್ಲ. ಯಾಕೆ ಹೆದರಿಕೆಯಾ?

ನಿರ್ವಾಹಕ

ಹೆದರಿಕೆ ಇಲ್ಲ, ಅದಕ್ಕೆ ಬೇರೆ ಎಳೆ ಉಂಟು, 400 ಉತ್ತರ ಆಗಿ ಬೀಗ ಬಿದ್ದಿದೆ. ಇಲ್ಲಿ ಹಂಚಿನಿಂದ ಈಚೆಗೆ ಮಾತಾಡುವ.

ಉಳ್ಳಾಲ ಉಮ್ಮರಾಕ

ನಾನು ಓದಿದ್ದು ಕಡಿಮೆ. ಕಂಡದ್ದು ಹೇಳುತ್ತೇನೆ.

1990ರ ಆಗಸ್ಟ್ 2, ಗುರುವಾರ. ನಾನು ಕುವೈತಿನ ಹವಲ್ಲಿಯಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ರಸ್ತೆಯಲ್ಲಿ ಟ್ಯಾಂಕು. ನಾವು ಮೊದಲು ಕುವೈತಿನದ್ದೇ ಅಂದುಕೊಂಡೆವು. ಮಧ್ಯಾಹ್ನಕ್ಕೆ ಗೊತ್ತಾಯಿತು, ಇರಾಕಿನ ಸೈನ್ಯ ನುಗ್ಗಿದೆ, ದೇಶವೇ ಇಲ್ಲ ಅಂತ.

ಕಂಪನಿಯ ಯಜಮಾನ ಮೊದಲ ವಾರದಲ್ಲೇ ಸೌದಿ ಕಡೆ ಹೋದ. ಮೂರು ತಿಂಗಳ ಸಂಬಳ ಅವನ ಹತ್ತಿರವೇ ಹೋಯಿತು. ಕೈಯಲ್ಲಿದ್ದ ದಿನಾರಿಗೆ ಬೆಲೆ ಇಲ್ಲ. ಕುವೈತಿನ ದಿನಾರೂ ಇರಾಕಿನ ದಿನಾರೂ ಒಂದೇ ಅಂತ ಆಜ್ಞೆಯಾಯಿತು. ನಿನ್ನೆಯವರೆಗೆ ಒಂದು ದಿನಾರಿಗೆ ಊರಲ್ಲಿ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕುತ್ತಿದ್ದವರು ನಾವು. ಖುಬ್ಬೂಸ್ ರೊಟ್ಟಿಗೆ ಸಾಲು ನಿಲ್ಲುವುದೇ ಕೆಲಸ.

ಸೆಪ್ಟೆಂಬರಿನಲ್ಲಿ ಹೊರಟೆವು. ನಾನು, ಕುಲಶೇಖರದ ಒಬ್ಬರು ಕೊಂಕಣಿ ಕ್ರಿಶ್ಚಿಯನರು, ಪುತ್ತೂರಿನ ಭಟ್ಟರು ಒಬ್ಬರು, ಒಂದೇ ಕಾರಿನಲ್ಲಿ. ಭಟ್ಟರು ಹೆಂಡತಿಯ ಕರಿಮಣಿ ಸರವನ್ನು ಉಪ್ಪಿನಕಾಯಿ ಭರಣಿಯಲ್ಲಿ ಮುಳುಗಿಸಿ ತಂದರು. ಬಸ್ರಾ, ಬಗ್ದಾದ್, ಆಮೇಲೆ ಜೋರ್ಡಾನ್ ಗಡಿ. ಅಲ್ಲಿ ಮರುಭೂಮಿಯಲ್ಲಿ ಡೇರೆ. ಹಗಲು ಬೆಂಕಿ, ರಾತ್ರಿ ಚಳಿ, ನೀರಿನ ಲಾರಿ ಬಂದರೆ ನೂಕುನುಗ್ಗಲು. ಭಟ್ಟರು ನನ್ನ ಪಾತ್ರೆಯಲ್ಲೇ ಊಟ ಮಾಡಿದರು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಆಗ ಸುಮಾರು 500 ಸಲ ವಿಮಾನ ಹಾರಿಸಿ 1.7 ಲಕ್ಷ ಜನರನ್ನು ಕರೆತಂದರು, ಆ ಲೆಕ್ಕದಲ್ಲಿ ನಾನೂ ಒಬ್ಬ. ಬೊಂಬಾಯಿಯಲ್ಲಿ ಇಳಿದು ಬಸ್ಸು ಹತ್ತಿ ಮಂಗಳೂರು.

ಊರಲ್ಲಿ ನಾನು ಕಟ್ಟಿಸುತ್ತಿದ್ದ ಮನೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಅಲ್ಲಿಗೇ ನಿಂತಿತು. ಆರು ಮಳೆಗಾಲ ಆ ಗೋಡೆ ಹಾಗೇ ನೆನೆಯಿತು, ಪಾಚಿ ಹಿಡಿದು ಹಸಿರಾಯಿತು. ಊರವರು ಅದಕ್ಕೆ "ಸದ್ದಾಮನ ಮನೆ" ಅಂತಲೇ ಹೆಸರಿಟ್ಟರು. ತಂಗಿಯ ಮದುವೆ ಎರಡು ವರ್ಷ ಮುಂದೆ ಹೋಯಿತು. ಕಡೆಗೆ ವಿಶ್ವಸಂಸ್ಥೆಯ ಪರಿಹಾರದ ಹಣ ಬಂತು, ಅದರಲ್ಲಿ ಸ್ಲ್ಯಾಬ್ ಹಾಕಿಸಿದೆ. ಇರಾಕ್ ಆ ಪರಿಹಾರ ಪೂರ್ತಿ ಕಟ್ಟಿ ಮುಗಿಸಿದ್ದು 2022ರಲ್ಲಂತೆ, ಒಟ್ಟು 5,240 ಕೋಟಿ ಡಾಲರ್. ಅದನ್ನು ಕಟ್ಟಿದ್ದು ಅಲ್ಲಿನ ಬಡವರ ಎಣ್ಣೆಯ ದುಡ್ಡಿನಿಂದ. ನನ್ನ ಸ್ಲ್ಯಾಬಿನಲ್ಲಿ ಅವರ ಪಾಲೂ ಉಂಟು. ಅದನ್ನು ನೆನೆಸಿದರೆ ಒಂಥರಾ ಆಗುತ್ತದೆ.

ಕಟಪಾಡಿ ಹಳೆಮನೆ

ಉಮ್ಮರಾಕ, ಓದಿ ಸುಮ್ನೆ ಕೂತೆ ಸ್ವಲ್ಪ ಹೊತ್ತು. ಆ ಭಟ್ಟರು ಈಗ?

ಉಳ್ಳಾಲ ಉಮ್ಮರಾಕ

ಎರಡು ವರ್ಷ ಆಯಿತು ಹೋಗಿ. ಪ್ರತಿ ವರ್ಷ ಹಲಸಿನ ಹಪ್ಪಳ ಕಳಿಸುತ್ತಿದ್ದರು. ಈಗ ಮಗ ಕಳಿಸುತ್ತಾನೆ.

ಪಡುಬಿದ್ರಿ ಮಾಷ್ಟ್ರು

ಒಂದು ಮಾತು ಸೇರಿಸುತ್ತೇನೆ. ಉಮ್ಮರಾಕನ ಮನೆ ನಿಲ್ಲಿಸಿದ್ದೂ ಕಟಪಾಡಿಯ ಹಂಚು ಬದಲಾಯಿಸಿದ್ದೂ ಒಂದೇ ಯುದ್ಧದ ಬಾಲ. 1914ರ ನವೆಂಬರಿನಲ್ಲಿ ಬಸ್ರಾ ಹಿಡಿದದ್ದು ಇಲ್ಲಿಂದ ಹೋದ ಭಾರತೀಯ ಸೈನ್ಯ. ತುರ್ಕರ ಒಟ್ಟೋಮನ್ ಸಾಮ್ರಾಜ್ಯ ಬಿತ್ತು, ಅದರ ತುಂಡುಗಳಿಂದ ಇರಾಕ್ ಆಯಿತು. 1922ರಲ್ಲಿ ಉಕೈರ್ ಎಂಬಲ್ಲಿ ಪರ್ಸಿ ಕಾಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಕೂತು ಅಲ್ಲಿನ ಗಡಿಗಳನ್ನು ಗೀಚಿದ. ಕುವೈತ್ ನಮ್ಮದು ಅಂತ ಇರಾಕಿನವರು ಆಮೇಲೆ ಜಗಳ ತೆಗೆದದ್ದು ಇಂಥ ಗೆರೆಗಳ ಮೇಲೆ. ಇನ್ನೊಂದು ತಮಾಷೆ. 1961ರವರೆಗೆ ಕುವೈತಿನಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ.

ಮತ್ತೆ 1991ರಲ್ಲಿ ನಮ್ಮ ಸರಕಾರ 47 ಟನ್ ಚಿನ್ನ ಹೊರದೇಶದಲ್ಲಿ ಅಡವಿಟ್ಟಿತಲ್ಲ, ಅದಕ್ಕೂ ಈ ಕುವೈತಿನ ಯುದ್ಧ ಒಂದು ಕಾರಣ. ಎಣ್ಣೆ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ಕಡಿಮೆಯಾಯಿತು.

ಪಾದೂರು ಪಡ್ಡೆ

ಆ ಎಣ್ಣೆ ಹೆದರಿಕೆಯ ಮೇಲೇ ನಾವು ಮಲಗುವುದು ಮಾಷ್ಟ್ರೇ. ಪಾದೂರಿನ ಬಂಡೆಯ ಒಳಗೆ 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಸುವ ಗುಹೆ ಕೊರೆದಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದ್ದು. ವಿಶಾಖಪಟ್ಟಣದ್ದೂ ಸೇರಿ ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು ಅನ್ನುತ್ತದೆ ಸರಕಾರ. ಟ್ಯಾಂಕಿಗೆ ಇರುವ ಹಾಗೆ ಒಳಗೆ ಉಕ್ಕಿನ ಗೋಡೆ ಇಲ್ಲ. ಸುತ್ತಲಿನ ಬಂಡೆಯ ಬಿರುಕಿನಲ್ಲಿ ನೀರು ತುಂಬಿಸಿಟ್ಟಿರುತ್ತಾರೆ, ಆ ನೀರಿನ ಒತ್ತಡವೇ ಎಣ್ಣೆಯನ್ನು ಹೊರಗೆ ಬಿಡುವುದಿಲ್ಲ. ಮೇಲೆ ದನ ಮೇಯುತ್ತಿರುತ್ತದೆ.

ಹಡಗಿನವ

ನಾನು ಹಡಗಿನಲ್ಲಿ ಕೆಲಸ ಮಾಡುವವನು, ಈಗ ರಜೆಯಲ್ಲಿ ಸುರತ್ಕಲ್‌ನಲ್ಲಿ ಇದ್ದೇನೆ. 2023ರ ಡಿಸೆಂಬರ್ 23 ನೆನಪುಂಟಾ? ಕೆಮ್ ಪ್ಲೂಟೊ ಎಂಬ ಹಡಗಿಗೆ ಗುಜರಾತಿನ ಆಚೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಂದು ಹೊಡೆಯಿತು. ಸೌದಿಯಿಂದ ಹೊರಟ ಆ ಹಡಗು ಬರುತ್ತಿದ್ದದ್ದು ನಮ್ಮ ಪಣಂಬೂರು ಬಂದರಿಗೆ. ಸಿಬ್ಬಂದಿ ಹೆಚ್ಚಿನವರು ಭಾರತೀಯರೇ. ಯಾರೂ ಸಾಯಲಿಲ್ಲ, ಕರಾವಳಿ ಕಾವಲು ಪಡೆಯವರು ಮುಂಬೈಗೆ ಕರೆದುಕೊಂಡು ಹೋದರು.

ಅವತ್ತು ಅಮ್ಮ ಫೋನ್ ಮಾಡಿದ್ದು ಏಳು ಸಲ. ನಾನು ಆಗ ಇದ್ದದ್ದು ಬ್ರೆಜಿಲ್ ಹತ್ತಿರ! ಮೊದಲು ಹಡಗಿನವರಿಗೆ ಹೆದರಿಕೆ ಇದ್ದದ್ದು ಬಿರುಗಾಳಿಗೆ, ಕಡಲ್ಗಳ್ಳರಿಗೆ. ಕೆಂಪು ಸಮುದ್ರದ ಗಲಾಟೆ ಸುರುವಾದ ಮೇಲೆ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಬಂದವು. ಎರಡು ವಾರದಷ್ಟು ಜಾಸ್ತಿ ದಾರಿ. ವಾಸ್ಕೋ ಡ ಗಾಮನ ದಾರಿಗೇ ವಾಪಸು ಹೋದ ಹಾಗಾಯಿತು.

ಮಣಿಪಾಲ ಗೋಳಿಬಜೆ

ನಮ್ಮದು ಸಣ್ಣ ಕ್ಯಾಂಟೀನು. 2022ರಲ್ಲಿ ಉಕ್ರೇನ್ ಯುದ್ಧ ಆದಾಗ ಸೂರ್ಯಕಾಂತಿ ಎಣ್ಣೆ ಸಿಗಲಿಲ್ಲ, ದೇಶಕ್ಕೆ ಬರುವುದರಲ್ಲಿ ಬಹುಪಾಲು ಅಲ್ಲಿಯದ್ದೇ. ಪಾಮ್ ಎಣ್ಣೆಗೆ ಹೋಗುವ ಅಂದರೆ ಏಪ್ರಿಲ್ ಕೊನೆಗೆ ಇಂಡೋನೇಷ್ಯಾದವರು ರಫ್ತು ನಿಲ್ಲಿಸಿದರು. ಗೋಳಿಬಜೆ ಗಾತ್ರ ಸಣ್ಣದು ಮಾಡಿದೆ, ಹುಡುಗರು ಬೈದರು. ಆದರೆ ಅದೇ ವರ್ಷ ಮಾರ್ಚಿನಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಕಡೆಯ ಮೆಡಿಕಲ್ ಹುಡುಗ ಸತ್ತ ಸುದ್ದಿ ಬಂತು. ಕ್ಯಾಂಟೀನಿನ ತುಂಬ ಮೆಡಿಕಲ್ ಮಕ್ಕಳು, ಟಿವಿ ನೋಡುತ್ತಾ ಯಾರೂ ಮಾತಾಡಲಿಲ್ಲ. ತಿಂಡಿ ತರಲು ನಿಂತವನು ಅಂಗಡಿ ಹತ್ತಿರ ಸತ್ತದ್ದು ಅಂತ ಹೇಳುತ್ತಿದ್ದರು.

ಬಜ್ಪೆ ಬ್ಯಾಟರಿ

ಎಲ್ಲ ಕೆಟ್ಟದ್ದೇ ಹೇಳಿದಿರಿ. ಯುದ್ಧ ಆಗದಿದ್ದರೆ ನಮ್ಮ ಬಜ್ಪೆಗೆ ವಿಮಾನ ಅಷ್ಟು ಬೇಗ ಬರುತ್ತಿತ್ತಾ? 1951ರ ಡಿಸೆಂಬರ್ 25ರಂದು ನೆಹರೂ ಬಂದು ಇಳಿದದ್ದು ಡಕೋಟದಲ್ಲಿ. ಯುದ್ಧಕ್ಕೆ ಅಂತ ಸಾವಿರಗಟ್ಟಲೆ ಮಾಡಿದ ಜಾತಿಯ ವಿಮಾನ ಅದು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕಿತು, ಅದರಿಂದಲೇ ಇಲ್ಲಿನ ವಿಮಾನ ಕಂಪನಿಗಳು ಎದ್ದವು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಜ್ಜಿ ಹೇಳಿದ್ದು

ಹಿಡಿಯುವ. ಆದರೆ ಆ ಡಕೋಟದಲ್ಲಿ ನಮ್ಮ ಅಜ್ಜಿ ಹತ್ತಲಿಲ್ಲ. ಇದ್ದಿಲಿನ ಬಸ್ಸು ನೂಕಿದವರು ಒಬ್ಬರು, ವಿಮಾನ ಹತ್ತಿದವರು ಇನ್ನೊಬ್ಬರು. ಲೆಕ್ಕ ಬರೆಯುವಾಗ ಹೆಸರು ಸರಿಯಾಗಿ ಬರೆಯಿರಿ ಅಂತಷ್ಟೇ.

ಬಜ್ಪೆ ಬ್ಯಾಟರಿ

ಅದು ಸರಿ ಅಕ್ಕಾ. ಒಪ್ಪಿದೆ.

ಕಟಪಾಡಿ ಹಳೆಮನೆ

ಎಲ್ಲರಿಗೂ ಉಪಕಾರ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ನಾನು ಒಂದೇ ಮಾತಿನಲ್ಲಿ ಹೇಳಿದ್ದೆನಲ್ಲ" ಅಂದರು.

ಇವತ್ತು ಮಾಡು ಪೂರ್ತಿ ಇಳಿಯಿತು. ಲೆಕ್ಕ ಮಾಡಿದರೆ ಬಾಸೆಲ್ 1,100 ಚಿಲ್ಲರೆ, ಕಾಮನ್‌ವೆಲ್ತ್ 640. ಎರಡರಿಂದಲೂ ಹತ್ತತ್ತು ಇಟ್ಟುಕೊಳ್ಳುತ್ತೇನೆ. ಗುಜರಿಯವ ಬಂದಿದ್ದ, ಹಂಚಿಗೆ ಮೂರು ರೂಪಾಯಿ ಅಂದ. ಕೊಡಲು ಮನಸ್ಸಾಗಲಿಲ್ಲ.

ಮಣ್ಣಗುಡ್ಡೆ ಮಂಜ

ಅಣ್ಣಾ, ನಮಗೆ ಹಟ್ಟಿಗೆ 300 ಬೇಕಿತ್ತು. ಯಾವುದಾದರೂ ಆಗಬಹುದು, ದನಕ್ಕೆ ಓದಲು ಬರುವುದಿಲ್ಲ. ಐದು ರೂಪಾಯಿ ಹಾಗೆ ಕೊಡುತ್ತೇನೆ. ಭಾನುವಾರ ಪಿಕಪ್ ತರಲಾ?